ಮೆತ್ತನೆ ಇಟ್ಟಿಗೆ, ಗಟ್ಟಿ ಗಾರೆ ಮತ್ತು ಖಾಲಿ ಉಳಿದ ಎಂ.ಟೆಕ್. ಸೀಟು

ಮಾಲೂರು ಸೀಮೆಯ ಗೂಡಿನಿಂದ ಇಳಿಸಿದ ಇಟ್ಟಿಗೆಯೊಂದನ್ನು ಕೈಗೆ ತೆಗೆದುಕೊಳ್ಳಿ. ಯಂತ್ರದಲ್ಲಿ ತಂತಿಯಿಂದ ಕತ್ತರಿಸಿದ ವೈರ್ ಕಟ್ ಅಲ್ಲ, ಮೇಜಿನ ಮೇಲೆ ಅಚ್ಚಿಗೆ ಒತ್ತಿ ಮಾಡಿದ ಟೇಬಲ್ ಮೋಲ್ಡ್ ಇಟ್ಟಿಗೆ. ಜೋರಾಗಿ ಗೀರಿದರೆ ಕೆಂಪು ಪುಡಿ ಉದುರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದ ಎಷ್ಟೋ ಮನೆಗಳು ಇಂಥ ಇಟ್ಟಿಗೆಯಲ್ಲೇ ಎದ್ದು ನಿಂತಿವೆ. ಮೇಸ್ತ್ರಿ ಒಂದಕ್ಕೆ ಆರರ, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ, ಗಾರೆ ಕಲಸುತ್ತಾನೆ. ಮನೆ ಯಜಮಾನರು ಬಂದು, "ಗೋಡೆ ಇನ್ನೂ ಗಟ್ಟಿ ಬರಲಿ, ಒಂದಕ್ಕೆ ನಾಲ್ಕು ಹಾಕಪ್ಪ" ಅನ್ನುತ್ತಾರೆ. ಸಿಮೆಂಟ್ ಜಾಸ್ತಿ ಹಾಕಿದರೆ ಗೋಡೆ ನಿಜವಾಗಿಯೂ ಗಟ್ಟಿಯಾಗುತ್ತದಾ?

ಅಂದುಕೊಂಡಷ್ಟು ಆಗುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಲಿನಿಂದ ಭಾರ ಬಿದ್ದಾಗ ಯಾವ ವಸ್ತುವೂ ತುಸು ಕುಗ್ಗುತ್ತದೆ, ಕುಗ್ಗುತ್ತಲೇ ಪಕ್ಕಕ್ಕೆ ಉಬ್ಬುತ್ತದೆ. ಬಿಸಿ ಮುದ್ದೆಯನ್ನು ಅಂಗೈಯಿಂದ ಒತ್ತಿದ ಹಾಗೆ. ಮೆತ್ತನೆಯದು ಹೆಚ್ಚು ಉಬ್ಬುತ್ತದೆ, ಗಟ್ಟಿಯದು ಕಡಿಮೆ. ಗೋಡೆಯಲ್ಲಿ ಇಟ್ಟಿಗೆಯೂ ಗಾರೆಯೂ ಅಂಟಿಕೊಂಡಿರುತ್ತವೆ. ಹಾಗಾಗಿ ಒಂದು ಉಬ್ಬಲು ಹೋದರೆ ಇನ್ನೊಂದು ಹಿಡಿದೆಳೆಯುತ್ತದೆ. ಪಶ್ಚಿಮದ ದೇಶಗಳಲ್ಲಿ ಬರೆದ ಪಠ್ಯಪುಸ್ತಕದಲ್ಲಿ ಇಟ್ಟಿಗೆ ಗಟ್ಟಿ, ಗಾರೆ ಮೆತ್ತಗೆ. ಅಲ್ಲಿ ಗಾರೆ ಉಬ್ಬಿ ಇಟ್ಟಿಗೆಯನ್ನು ಸೀಳುತ್ತದೆ. ನಮ್ಮ ಕಡೆ ಲೆಕ್ಕ ತಿರುಗಿದೆ. ನಮ್ಮ ಇಟ್ಟಿಗೆ ಮೆತ್ತಗೆ, ಸಿಮೆಂಟ್ ಗಾರೆ ಗಟ್ಟಿ. ಉಬ್ಬಲು ಹೊರಟ ಇಟ್ಟಿಗೆಯನ್ನು ಗಾರೆಯೇ ಹಿಡಿದು ನಿಲ್ಲಿಸುತ್ತದೆ. ಎಳೆತ ಬೀಳುವುದು ಗಾರೆಗೆ. ಅಂದಮೇಲೆ ಗೋಡೆಯ ಶಕ್ತಿ ನಿಂತಿರುವುದು ಗಾರೆ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಹೆಚ್ಚಾಗಿ ಇಟ್ಟಿಗೆಗೂ ಗಾರೆಗೂ ಎಷ್ಟು ಅಂಟು ಇದೆ ಅನ್ನುವುದರ ಮೇಲೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಅವರ ಜೊತೆಗಾರರು ಈ ಭಾಗದ ಇಟ್ಟಿಗೆಗಳನ್ನೇ ತಂದು, ಒಂದರ ಮೇಲೊಂದು ಕಟ್ಟಿ, ಯಂತ್ರದಲ್ಲಿ ಒಡೆದು ಇದನ್ನು ತೋರಿಸಿದರು. ಅಂಟು ಹೆಚ್ಚಿಸುವುದು ಹೇಗೆ ಅನ್ನುವುದನ್ನೂ ನೋಡಿದರು. ಪೂರ್ತಿ ಒಣಗಿದ ಇಟ್ಟಿಗೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಪೂರ್ತಿ ನೆಂದು ತೊಟ್ಟಿಕ್ಕುವ ಇಟ್ಟಿಗೆಗೂ ಗಾರೆ ಸರಿಯಾಗಿ ಹಿಡಿಯುವುದಿಲ್ಲ. ನಡುವಿನ ಹದ ಬೇಕು. ಬರೀ ಸಿಮೆಂಟ್-ಮರಳಿನ ಗಾರೆಗಿಂತ ಸುಣ್ಣವನ್ನೋ ಮಣ್ಣನ್ನೋ ಬೆರೆಸಿದ ಗಾರೆ ಚೆನ್ನಾಗಿ ಅಂಟುತ್ತದೆ. ನಮ್ಮ ಹಿರಿಯ ಗಾರೆಯವರು ಕೈಯಳತೆಯಲ್ಲಿ ಬಲ್ಲ ಮಾತುಗಳೇ ಇವು. ಸಂಶೋಧನೆ ಅದಕ್ಕೆ ಕಾರಣ ಕೊಟ್ಟಿತು, ಅಂಕಿ ಕೊಟ್ಟಿತು.

ಕಟ್ಟಡಗಳು ಭಾರ ಹೊತ್ತು ನಿಲ್ಲುವ ಬಗೆಯನ್ನು ಓದುವ ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್., ಪಿಎಚ್‌.ಡಿ. ಅಂದರೆ ನನ್ನ ಕಣ್ಣ ಮುಂದೆ ಬರುವುದು ಇಂಥ ಕೆಲಸ. ನಮ್ಮ ಊರಿನ ವಸ್ತುವನ್ನು ಎತ್ತಿಕೊಂಡು, ಪುಸ್ತಕ ಹೇಳಿದ್ದು ಇದಕ್ಕೆ ಹೊಂದುತ್ತದಾ ಎಂದು ಕೇಳುವುದು. ಆದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಈ ಓದು ಸೊರಗುತ್ತಿದೆ. ದೇಶದ ಲೆಕ್ಕದಲ್ಲೇ ಈಚೆಗೆ ಎಂ.ಟೆಕ್. ಸೀಟುಗಳಲ್ಲಿ ಮೂರಕ್ಕೆ ಎರಡರಷ್ಟು ಖಾಲಿ ಉಳಿಯುತ್ತಿವೆ. ಹತ್ತು ಹದಿನೈದು ವರ್ಷದ ಹಿಂದೆ ತುಂಬಿರುತ್ತಿದ್ದ ತರಗತಿಗಳಲ್ಲಿ ಈಗ ಬೆರಳೆಣಿಕೆಯ ಮಕ್ಕಳು ಕೂತಿರುವುದನ್ನು ನಾನೇ ನೋಡಿದ್ದೇನೆ. ಕಾಲೇಜುಗಳಿಗೇನೂ ಬರವಿಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆ ಶುರುವಾಗಿದ್ದು 1963ರಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸ್ನಾತಕೋತ್ತರ ಕೇಂದ್ರ ಇರುವುದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ, ವಿಶ್ವೇಶ್ವರಯ್ಯನವರ ಊರಲ್ಲಿ. ಅವರು ರೂಪಿಸಿದ ಕನ್ನಂಬಾಡಿ ಕಟ್ಟೆಗೆ ಬಳಸಿದ್ದು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ. ಕೈಗೆ ಸಿಗುವ ವಸ್ತುವನ್ನು ದೊಡ್ಡ ಕೆಲಸಕ್ಕೆ ಹಚ್ಚುವುದು ನಮ್ಮ ಸೀಮೆಗೆ ಹೊಸದಲ್ಲ.

ಹಾಗಾದರೆ ಮಕ್ಕಳು ಯಾಕೆ ಬರುತ್ತಿಲ್ಲ? ಮೊದಲ ಕಾರಣ ದುಡ್ಡು. ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ ಸೇರಿದವರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಕೊಡುವ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. ವರ್ಷಗಳಿಂದ ಈ ಅಂಕಿ ಅಲ್ಲಾಡಿಲ್ಲ. ಗೇಟ್ ಇಲ್ಲದೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಬಂದವರಿಗೆ ಅದೂ ಇಲ್ಲ. ಗುಬ್ಬಿಯಿಂದಲೋ ಚಿಂತಾಮಣಿಯಿಂದಲೋ ಬರುವ ಹುಡುಗಿ ಎರಡು ವರ್ಷ ಮನೆಗೆ ಒಂದು ಕಾಸೂ ಕೊಡದೆ ಓದಬೇಕು. ಅವಳ ಜೊತೆ ಬಿ.ಇ. ಮುಗಿಸಿದವರು ಅಷ್ಟರಲ್ಲಿ ಬೆಂಗಳೂರಿನ ಸೈಟಲ್ಲಿ ಸಂಬಳ ಎಣಿಸುತ್ತಿರುತ್ತಾರೆ. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್.

ಎರಡನೇ ಕಾರಣ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಟೆಕ್. ಬೇಕು ಅನ್ನುವುದು ನಿಯಮ. ಊರಿಗೊಂದು ಕಾಲೇಜು ಏಳುತ್ತಿದ್ದ ಕಾಲದಲ್ಲಿ ಈ ಪದವಿಯನ್ನು ಎತ್ತಿ ಹಿಡಿದಿದ್ದೇ ಆ ಮೇಷ್ಟರ ಕೆಲಸ. ಆಮೇಲೆ ಮಕ್ಕಳೆಲ್ಲ ಕಂಪ್ಯೂಟರ್ ಸೈನ್ಸ್ ಕಡೆ ಹೊರಳಿದರು. ಬಿ.ಇ. ಸಿವಿಲ್ ತರಗತಿಗಳು ಬರಿದಾದವು. ತರಗತಿ ಇಲ್ಲದ ಮೇಲೆ ಮೇಷ್ಟರ ಹುದ್ದೆ ಎಲ್ಲಿಂದ? ಅದನ್ನೇ ನಂಬಿದ್ದ ಎಂ.ಟೆಕ್. ಕೂಡ ಬಿತ್ತು. ಬೇಡಿಕೆ ನಿಂತಿದ್ದು ಓದಿನ ಮೇಲಲ್ಲ, ಒಂದು ನೇಮಕದ ಷರತ್ತಿನ ಮೇಲೆ ಅನ್ನುವುದು ಆಗ ಬಯಲಾಯಿತು.

ಮೂರನೇ ಕಾರಣ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ನಾವು ಮಕ್ಕಳಿಂದ ಮಾಡಿಸುವ ಸಂಶೋಧನೆಯಲ್ಲಿ ಜೀವ ಇಲ್ಲ.

ಯಾವುದೇ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಎಂ.ಟೆಕ್. ಪ್ರಬಂಧಗಳ ಸಾಲು ನೋಡಿ. ಜಿ ಪ್ಲಸ್ 15 (ನೆಲಮಹಡಿಯ ಮೇಲೆ ಹದಿನೈದು ಮಹಡಿ) ಕಟ್ಟಡ, ಕಟ್ಟಡದ ಲೆಕ್ಕ ಹಾಕುವ ಇಟ್ಯಾಬ್ಸ್ ಸಾಫ್ಟ್‌ವೇರ್, ಭೂಕಂಪದ ಅಪಾಯ ಬಹಳ ಹೆಚ್ಚಿರುವ ವಲಯ ಐದು. ಪಕ್ಕದ್ದು ಜಿ ಪ್ಲಸ್ 20, ಅದೇ ಸಾಫ್ಟ್‌ವೇರ್, ಪಕ್ಕದಿಂದ ಬರುವ ಬಲವನ್ನು ತಡೆಯುವ ಶಿಯರ್ ವಾಲ್ ಮಾತ್ರ ಮೂಲೆಯಿಂದ ನಡುವಿಗೆ ಬಂದಿದೆ. ನಾನೂ ಅಂಥದ್ದೇ ಪ್ರಬಂಧ ಬರೆದೆ. ನಾನು ಓದಿದ ಕಡೆ ದೊಡ್ಡದೊಂದು ಲೋಡಿಂಗ್ ಫ್ರೇಮ್ ಇತ್ತು, ತೊಲೆಗಳನ್ನು ನಿಜವಾಗಿ ಮುರಿದು ನೋಡುವ ಚೌಕಟ್ಟು. ಅದರ ಜಾಕ್ ಕೆಟ್ಟಿತ್ತು. ರಿಪೇರಿ ಆಗುತ್ತದೆ ಎಂದು ಒಂದು ಸೆಮಿಸ್ಟರ್ ಕಾದೆ. ಆಗಲಿಲ್ಲ. ಗೈಡ್ ಸಾಫ್ಟ್‌ವೇರ್ ಮಾದರಿ ಮಾಡು ಅಂದರು, ಮಾಡಿದೆ. ನಾನು ಲೆಕ್ಕ ಹಾಕಿದ ಕಟ್ಟಡ ಗುವಾಹಟಿಯಲ್ಲಿ ಇರಬಹುದಾದ ಕಟ್ಟಡ. ತುಮಕೂರು ಇರುವುದು ವಲಯ ಎರಡರಲ್ಲಿ. ನನ್ನ ಮನೆಯ ಸುತ್ತ 30 ಕಿಲೋಮೀಟರ್‌ನಲ್ಲಿ ಅಂಥದ್ದೊಂದೂ ಇರಲಿಲ್ಲ.

ಸಾಫ್ಟ್‌ವೇರ್ ಕಲಿಯಬಾರದು ಅಂತ ಅಲ್ಲ. ಕೆಲಸ ಸಿಗುವುದೇ ಅದರಿಂದ. ಆದರೆ ಅದಕ್ಕೆ ನಾವು ಕೊಟ್ಟ ಅಂಕಿಯನ್ನೇ ಅದು ತಿರುಗಿಸಿ ಕೊಡುತ್ತದೆ. ಇಟ್ಟಿಗೆ ಗೋಡೆಯ ಬಿಗುವನ್ನು ಪುಸ್ತಕದಿಂದ ತುಂಬಿದರೆ ಬರುವ ಉತ್ತರ ಪುಸ್ತಕದ ಗೋಡೆಯದ್ದು, ಮಾಲೂರಿನ ಇಟ್ಟಿಗೆ ಗೋಡೆಯದ್ದಲ್ಲ. ಆ ಅಂಕಿಯನ್ನು ಯಾರಾದರೂ ಅಳೆದು ಕೊಡಬೇಕು, ಅಲ್ವಾ? ಅಳೆಯುವ ಕೆಲಸಕ್ಕೇ ಎರಡು ವರ್ಷದ ಓದು ಇರುವುದು.

ಇಂಥ ಕೆಲಸ ನಮ್ಮ ತುಮಕೂರು ಜಿಲ್ಲೆಯಲ್ಲಿ ಆಗಿದೆ ಅನ್ನುವುದನ್ನು ಹೊಸಬರಿಗೆ ಹೇಳಬೇಕು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ 'ಅಸ್ತ್ರ' ಎಂಬ ಕೇಂದ್ರ ಶುರು ಮಾಡಿದರು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಅವರು ಹಳ್ಳಿ ಕೇಂದ್ರಕ್ಕೆ ಆರಿಸಿಕೊಂಡ ಊರು ಕುಣಿಗಲ್ ತಾಲೂಕಿನ ಉಂಗ್ರ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಬಹಳ ಮಂದಿಗೆ ಗೊತ್ತು. ಅದೇ ಬಳಗ ಮಣ್ಣಿನ ಬ್ಲಾಕ್ ಮೇಲೆ ಮಾಡಿದ ಕೆಲಸ ಅಷ್ಟು ಜನಕ್ಕೆ ಗೊತ್ತಿಲ್ಲ. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಭಾಗದಷ್ಟು ಸಿಮೆಂಟ್ ಬೆರೆಸಿ, ಕೈಯಿಂದ ಎಳೆಯುವ ಯಂತ್ರದಲ್ಲಿ ಅದುಮಿ, ನೀರು ಚಿಮುಕಿಸಿ ಕ್ಯೂರಿಂಗ್ ಮಾಡಿದರೆ ಬ್ಲಾಕ್ ತಯಾರು. ಸೌದೆ ಬೇಡ, ಗೂಡು ಬೇಡ.

ಕೇಳಲು ಸುಲಭ. ಆದರೆ ಮಣ್ಣು ಒಂದೇ ತರಹ ಇರುವುದಿಲ್ಲ. ನಮ್ಮ ಕೆಂಪು ಮಣ್ಣಿಗೆ ಸಿಮೆಂಟ್ ಚೆನ್ನಾಗಿ ಹೊಂದುತ್ತದೆ. ಎರೆಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಅದಕ್ಕೆ ಸುಣ್ಣ ಬೇಕು. ಜೇಡಿ ಎಷ್ಟಿರಬೇಕು, ಮರಳು ಎಷ್ಟು ಸೇರಿಸಬೇಕು, ಎಷ್ಟು ಒತ್ತಬೇಕು, ಇವೆಲ್ಲ ಒಂದೊಂದೂ ಒಂದು ಸಂಶೋಧನಾ ಪ್ರಶ್ನೆ. ಇನ್ನೊಂದು ಮುಖ್ಯ ವಿಷಯ: ಇಂಥ ಬ್ಲಾಕನ್ನು ಒಣಗಿದಾಗ ಒಡೆದು ನೋಡಿದರೆ ಸುಮ್ನೆ ಖುಷಿಯಾಗುತ್ತದೆ ಅಷ್ಟೇ. ನೀರಲ್ಲಿ ನೆನೆಸಿ ಒಡೆಯಬೇಕು. ನೆನೆದಾಗಲೇ ಅದರ ನಿಜವಾದ ಶಕ್ತಿ ತಿಳಿಯುವುದು. ಈಗ ಮಣ್ಣಿನ ಬ್ಲಾಕ್‌ಗಳಿಗೆ ಐಎಸ್ 1725 ಎಂಬ ಭಾರತೀಯ ಮಾನಕವೇ ಇದೆ. ಬೆಂಗಳೂರಿನಲ್ಲಿ ಮಣ್ಣಿನ ಮನೆ ಬೇಕು ಅನ್ನುವವರು ಹೆಚ್ಚುತ್ತಿರುವಾಗ, ಈ ಕೆಲಸ ನಡೆದ ಜಿಲ್ಲೆಯ ಮಕ್ಕಳೇ ಇದನ್ನು ಓದದೆ ಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಈಗ ಚಿಕ್ಕಬಳ್ಳಾಪುರಕ್ಕೆ ಬನ್ನಿ. ಹೊಳೆ ಮರಳು ಮುಗಿಯಿತು. ಉತ್ತರ ಪಿನಾಕಿನಿ, ಚಿತ್ರಾವತಿ ಪಾತ್ರಗಳನ್ನು ಬಗೆದು ಮುಗಿಸಿದ ಮೇಲೆ ಈಗ ಎಲ್ಲರಿಗೂ ಬೆಟ್ಟ ಪುಡಿ ಮಾಡಿದ ಎಂ-ಸ್ಯಾಂಡೇ ಗತಿ. ಹೊಳೆ ಮರಳಿನ ಕಣ ನೀರಲ್ಲಿ ಉರುಳಿ ದುಂಡಗಾಗಿರುತ್ತದೆ. ಎಂ-ಸ್ಯಾಂಡ್ ಕಣಕ್ಕೆ ಮೂಲೆಗಳಿರುತ್ತವೆ, ಜೊತೆಗೆ ಕಲ್ಲಿನ ನಯವಾದ ದೂಳು. 75 ಮೈಕ್ರಾನ್‌ಗಿಂತ ಸಣ್ಣ ದೂಳು ನೂರಕ್ಕೆ 15ರವರೆಗೆ ಇರಬಹುದು ಎಂದು ಐಎಸ್ 383 ಹೇಳುತ್ತದೆ. ಹೊಳೆ ಮರಳಿಗಾದರೆ ಈ ಮಿತಿ ಮೂರೇ. ಮಿತಿಯೊಳಗಿನ ದೂಳು ಕೆಟ್ಟದ್ದಲ್ಲ, ಸಂದುಗಳನ್ನು ತುಂಬಿ ಕಾಂಕ್ರೀಟನ್ನು ಒತ್ತಾಗಿಸುತ್ತದೆ. ಮಿತಿ ದಾಟಿದರೆ ಕಲಸು ಬಿಗಿಯುತ್ತದೆ. ಬಿಗಿದರೆ ಸೈಟಲ್ಲಿ ಏನು ಮಾಡುತ್ತಾರೆ ಅಂತ ಗೊತ್ತೇ ಇದೆ. ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಅಲ್ಲಿಗೆ ಶಕ್ತಿ ಇಳಿಯಿತು. ಎಷ್ಟೋ ಕಡೆ ಎಂ-ಸ್ಯಾಂಡ್ ಹೆಸರಲ್ಲಿ ಬರುವುದು ಬರೀ ಕ್ರಷರ್ ದೂಳು. ಯಾವ ಕ್ರಷರ್‌ನ ಮರಳು ಹೇಗಿದೆ, ಮಳೆಗಾಲದಲ್ಲಿ ಹೇಗೆ, ಬೇಸಿಗೆಯಲ್ಲಿ ಹೇಗೆ? ಒಬ್ಬ ವಿದ್ಯಾರ್ಥಿ ಒಂದು ಜರಡಿ ಸೆಟ್ಟು, ಒಂದು ಬೈಕು, ಹನ್ನೆರಡು ತಿಂಗಳು ಇಟ್ಟುಕೊಂಡು ಹೇಳಬಲ್ಲ ಉತ್ತರ ಇದು.

ಕೋಲಾರದ ನೀರಿನದೂ ಇದೇ ಕಥೆ. ಸಾವಿರ ಅಡಿಗಿಂತ ಆಳದ ಬೋರ್‌ವೆಲ್‌ ನೀರಲ್ಲೇ ಕಾಂಕ್ರೀಟ್ ಕಲಸುತ್ತಾರೆ. ಕಂಬಿ ಇರುವ ಕಾಂಕ್ರೀಟ್‌ಗೆ ಹಾಕುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಎಂದು ಐಎಸ್ 456 ಹೇಳುತ್ತದೆ. ದಾಟಿದರೆ ಒಳಗಿನ ಕಂಬಿ ಬೇಗ ತುಕ್ಕು ಹಿಡಿಯುತ್ತದೆ. ಹಳ್ಳಿ ಸೈಟಲ್ಲಿ ಮನೆ ಕಟ್ಟುವಾಗ ನೀರು ಪರೀಕ್ಷೆ ಮಾಡಿಸಿದವರನ್ನು ನಾನು ಕಂಡಿಲ್ಲ.

ಭೂಕಂಪದ ಬಗ್ಗೆ ಓದಲು ಗುವಾಹಟಿಗೇ ಹೋಗಬೇಕಿಲ್ಲ. 2021ರ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ನೆಲ ಎರಡು ಸಲ ನಡುಗಿತು. ತೀವ್ರತೆ 2.9 ಮತ್ತು 3.0. ಜನ ಹೆದರಿ ಮನೆಯಿಂದ ಆಚೆ ಬಂದರು. ಇಷ್ಟು ಸಣ್ಣ ಕಂಪನಕ್ಕೆ ಸರಿಯಾಗಿ ಕಟ್ಟಿದ ಮನೆ ಬೀಳುವುದಿಲ್ಲ. ವಲಯ ಎರಡು ಅಂದರೆ ನಕ್ಷೆಯಲ್ಲಿ ಅಪಾಯ ಕಡಿಮೆ ಇರುವ ಜಾಗವೂ ಹೌದು. ಆದರೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಡುಗಿದ ಲಾತೂರಿನ ಕಿಲ್ಲಾರಿ, ಅಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯ ಒಂದರಲ್ಲಿತ್ತು. ಸಾವಿರಾರು ಜನ ಸತ್ತರು. ಅವರನ್ನು ಕೊಂದಿದ್ದು ಕಾಡುಗಲ್ಲು ಮತ್ತು ಮಣ್ಣಿನ ದಪ್ಪ ಗೋಡೆಗಳು. ಒಳ ಸಾಲಿಗೂ ಹೊರ ಸಾಲಿಗೂ ಅಡ್ಡಲಾಗಿ ಹಿಡಿಯುವ ಉದ್ದ ಕಲ್ಲು ಇರಲಿಲ್ಲ. ಗೋಡೆ ಎರಡಾಗಿ ಬಿರಿದು ಕುಸಿಯಿತು. ಬಾಗೇಪಲ್ಲಿ, ಗುಡಿಬಂಡೆ, ಪಾವಗಡ, ಮಧುಗಿರಿ ಹಳ್ಳಿಗಳಲ್ಲಿ ಹಳೆಯ ಕಲ್ಲು-ಮಣ್ಣಿನ ಮನೆ ಇನ್ನೂ ಇವೆ. ಮೇಲೆ ಚಪ್ಪಡಿ ಕಲ್ಲಿನ ಭಾರ ಬೇರೆ. ಅವುಗಳಲ್ಲಿ ಎಷ್ಟಕ್ಕೆ ಅಡ್ಡಗಲ್ಲು ಇದೆ? ಬಾಗಿಲು ಕಿಟಕಿಯ ಮೇಲಿನ ಲಿಂಟಲ್ ಮಟ್ಟದಲ್ಲಿ ಒಂದು ಪಟ್ಟಿ ಹಾಕಿ ಬಿಗಿಯಲು ಆಗುತ್ತದಾ, ಖರ್ಚೆಷ್ಟು? ಇದನ್ನು ಕೇಳಲು ಲ್ಯಾಬ್ ಕೂಡ ಬೇಡ. ಹಳ್ಳಿಗೆ ಹೋಗಿ ಗೋಡೆ ನೋಡಬೇಕು, ಮನೆಯವರ ಜೊತೆ ಮಾತಾಡಬೇಕು.

ಗಾಳಿಯನ್ನು ನಾವು ಇನ್ನೂ ಹಗುರವಾಗಿ ನೋಡುತ್ತೇವೆ. ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯದು, 2,050 ಮೆಗಾವಾಟ್. ಅಲ್ಲಿ ಪ್ಯಾನೆಲ್‌ಗಳನ್ನು ಹೊತ್ತ ಉಕ್ಕಿನ ಚೌಕಟ್ಟುಗಳಿಗೆ ಭಾರದ್ದಲ್ಲ ತೊಂದರೆ, ಕೆಳಗಿನಿಂದ ಎತ್ತುವ ಗಾಳಿಯದು. ಮೊದಲ ಸಾಲಿಗೆ ಬಡಿಯುವ ಗಾಳಿಯೇ ಬೇರೆ, ನಡುವಿನ ಸಾಲಿಗೆ ಬಡಿಯುವುದೇ ಬೇರೆ. ಕೋಲಾರದಲ್ಲಿ ಬೆಳೆಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ಪಾಲಿಹೌಸ್‌ಗಳದೂ ಇದೇ ಪಾಡು. ಸಾಲ ಮಾಡಿ ದಪ್ಪ ಮೆಣಸಿನಕಾಯಿಗೋ ಹೂವಿಗೋ ಕಟ್ಟಿದ ಮನೆ ಏಪ್ರಿಲ್-ಮೇ ತಿಂಗಳ ಒಂದು ಬಿರುಗಾಳಿಗೆ ಮಲಗಿಬಿಡುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರವನ್ನು ನೋಡಿ. ಕಲ್ಲುಕೂಚದ ಮೇಲೆ ತಂತಿ ಬಿಗಿದು, ಅದರ ಮೇಲೆ ಟನ್‌ಗಟ್ಟಲೆ ಹಣ್ಣು. ಒಂದು ಮೂಲೆಯ ಕಲ್ಲು ಮುರಿದರೆ ತಂತಿಯ ಎಳೆತ ಪಕ್ಕದ ಕಲ್ಲಿಗೆ ದಾಟುತ್ತದೆ, ಸಾಲೇ ಉರುಳುತ್ತದೆ. ಗ್ರಾನೈಟ್ ಒತ್ತಿದರೆ ಬಲು ಗಟ್ಟಿ. ಎಳೆದರೂ ಬಾಗಿಸಿದರೂ ಅದರ ಶಕ್ತಿ ಸುಮಾರು ಹತ್ತನೇ ಒಂದು ಭಾಗ, ಕೆಲವು ಸಲ ಇನ್ನೂ ಕಡಿಮೆ. ಮೂಲೆ ಕಂಬಕ್ಕೆ ಹಿಂದಿನಿಂದ ತಂತಿ ಕಟ್ಟಿ ನೆಲಕ್ಕೆ ಬಿಗಿಯುವ ರೈತನಿಗೆ ಈ ವಿಷಯ ಅನುಭವದಿಂದ ಗೊತ್ತು. ಎಷ್ಟು ಆಳ, ಯಾವ ಕೋನ ಎಂದು ಲೆಕ್ಕ ಹಾಕಿ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಅವನ ಒಂದು ಬೆಳೆ ಉಳಿಯುತ್ತದೆ.

ಪಿಎಚ್‌.ಡಿ. ಬಗ್ಗೆ ಕೇಳುವವರಿಗೆ ಎರಡು ಮಾತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ನೂರಕ್ಕೆ 75 ಅಂಕ ಇದ್ದರೆ ನೇರವಾಗಿ ಪಿಎಚ್‌.ಡಿ.ಗೆ ಅರ್ಜಿ ಹಾಕಬಹುದು. ಕೆಲಸದಲ್ಲಿರುವವರು ಪಾರ್ಟ್ ಟೈಮ್ ಮಾಡಲೂ ದಾರಿ ಇದೆ. ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಲೇಖನ ಬಂದಿರಲೇಬೇಕು ಅನ್ನುವ ಕಡ್ಡಾಯವನ್ನು ಆ ನಿಯಮ ತೆಗೆದಿದೆ. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ಹಾವಳಿ ನೋಡಿದವರಿಗೆ ಇದು ಒಳ್ಳೆಯದೇ ಅನ್ನಿಸುತ್ತದೆ. ಕೇಂದ್ರದ ಜೂನಿಯರ್ ರಿಸರ್ಚ್ ಫೆಲೋಶಿಪ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಎಂ.ಟೆಕ್.ಗೆ ಕೊಡುವ 12,400ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಏಣಿಯ ಮೇಲಿನ ಮೆಟ್ಟಿಲು ಸರಿ ಮಾಡಿದ್ದಾರೆ, ಕೆಳಗಿನದನ್ನು ಹಾಗೇ ಬಿಟ್ಟಿದ್ದಾರೆ. ಕೆಳಗಿನದು ಸರಿಯಾಗದೆ ಹಳ್ಳಿ ಮಕ್ಕಳು ಮೇಲೇರುವುದು ಕಷ್ಟ. ಆ ಮೊತ್ತ ಏರಲೇಬೇಕು.

ಸ್ಟೈಪೆಂಡ್ ದೆಹಲಿಯಲ್ಲಿ ತೀರ್ಮಾನವಾಗುವ ವಿಷಯ. ಪ್ರಬಂಧದ ವಿಷಯ ಹಾಗಲ್ಲ. ಅದನ್ನು ತೀರ್ಮಾನಿಸುವುದು ಒಬ್ಬ ಗೈಡ್ ಮತ್ತು ಒಬ್ಬ ವಿದ್ಯಾರ್ಥಿ, ಒಂದು ಮೇಜಿನ ಎದುರುಬದುರು ಕೂತು. ನಮ್ಮ ಕಾಲೇಜುಗಳ ಕಾಂಕ್ರೀಟ್ ಲ್ಯಾಬ್‌ಗಳಿಗೆ ಸುತ್ತಲಿನ ಗುತ್ತಿಗೆದಾರರು ಕ್ಯೂಬ್ ತಂದುಕೊಡುತ್ತಾರೆ. 150 ಮಿಲಿಮೀಟರ್‌ನ ಕ್ಯೂಬ್. 28 ದಿನ ನೀರಲ್ಲಿಟ್ಟು ಒಡೆದು, ಬಂದ ಅಂಕಿಯನ್ನು ಬರೆದು, ಸಹಿ ಹಾಕಿ ಕೊಡುತ್ತಾರೆ. ರಸ್ತೆ, ಶಾಲೆ, ಟ್ಯಾಂಕ್, ಮನೆ, ಎಲ್ಲದರ ಕ್ಯೂಬ್ ಬರುತ್ತದೆ. ಒಂದೊಂದು ಲ್ಯಾಬ್‌ನ ರಿಜಿಸ್ಟರ್‌ನಲ್ಲಿ ಎಷ್ಟೋ ವರ್ಷದ ಕಾಂಕ್ರೀಟ್‌ನ ಶಕ್ತಿ ತಾರೀಕಿನ ಸಮೇತ ಬರೆದಿಟ್ಟಿದೆ. ಹೊಳೆ ಮರಳಿನಿಂದ ಎಂ-ಸ್ಯಾಂಡ್‌ಗೆ ಬದಲಾದ ಕಾಲವೂ ಅದರೊಳಗೇ ಇರಬೇಕು. ಶಕ್ತಿ ಏರಿತಾ, ಇಳಿಯಿತಾ, ಏರುಪೇರು ಹೆಚ್ಚಾಯಿತಾ? ಮಾಲೀಕರ ಹೆಸರು ಮುಚ್ಚಿಟ್ಟು ಬರೀ ಅಂಕಿಗಳನ್ನು ಒಂದು ಎಕ್ಸೆಲ್ ಹಾಳೆಗೆ ಏರಿಸಲು ಎರಡು ತಿಂಗಳು ಸಾಕು. ಈ ವರ್ಷ ನಾಲ್ಕನೇ ಸೆಮಿಸ್ಟರ್‌ಗೆ ಬಂದಿರುವವರು, ಜಿ ಪ್ಲಸ್ 15 ಎಂದು ಬರೆಯುವ ಮುಂಚೆ, ಲ್ಯಾಬ್ ಅಟೆಂಡರ್ ಹತ್ತಿರ ಹೋಗಿ ಆ ಹಳೇ ರಿಜಿಸ್ಟರ್‌ಗಳು ಯಾವ ಬೀರುವಿನಲ್ಲಿವೆ ಎಂದು ಕೇಳಿ.